ಐದನೇ ಕಂಬದ ಹತ್ತು ಸೆಂಟಿಮೀಟರ್

ಜೂನ್ ೪

ನಿವೃತ್ತ ಮುಖ್ಯ ಫಿಟ್ಟರ್ ಅವರಿಗೆ,

ಮಾನ್ಯರೇ,

ವಿಷಯ: ಐದನೇ ಕಂಬದ ಬಗ್ಗೆ ಮಾಹಿತಿ ಕೋರಿ.

ತಾವು ಮೂವತ್ತೊಂದು ವರ್ಷ ನೋಡಿಕೊಂಡ ಉಕ್ಕಿನ ರೋಲರ್ ಕೋಸ್ಟರನ್ನು ನಮ್ಮ ಪಾರ್ಕು ಕೊಂಡಿರುವುದು, ಕಳೆದ ವರ್ಷ ಅದನ್ನು ತುಂಡು ತುಂಡಾಗಿ ಬಿಚ್ಚಿ ಇಲ್ಲಿಗೆ ತಂದಿರುವುದು ತಮಗೆ ತಿಳಿದೇ ಇದೆ. ಬಿಚ್ಚಿದವಳು ನಾನೇ ಎಂಬುದೂ ತಿಳಿದಿದೆ. ಈಗ ಮತ್ತೆ ಜೋಡಿಸುತ್ತಿದ್ದೇವೆ.

ಗಾಡಿಯನ್ನು ತಲೆಕೆಳಗಾಗಿ ಸುತ್ತಿಸುವ ಭಾಗವನ್ನು ತಾವು ‘ಉಂಗುರ’ ಎನ್ನುತ್ತಿದ್ದಿರಿ. ಇಲ್ಲಿಯೂ ಹಾಗೆಯೇ ಕರೆಯುತ್ತೇವೆ. ಉಂಗುರವನ್ನು ಆರು ಕಂಬಗಳು ಹಿಡಿದುಕೊಳ್ಳಬೇಕು. ಅವುಗಳಲ್ಲಿ ಐದು ಅಚ್ಚುಕಟ್ಟಾಗಿ ಕೂತಿವೆ. ಐದನೇ ನಂಬರಿನ ಕಂಬದ ತಲೆಗೂ ಉಂಗುರಕ್ಕೂ ನಡುವೆ ಮಾತ್ರ ಖಾಲಿ ಜಾಗ ಉಳಿದಿದೆ. ನನ್ನ ಅಂಗೈ ಅದರಲ್ಲಿ ಆರಾಮವಾಗಿ ಹೋಗಿಬರುತ್ತದೆ. ಸದ್ಯಕ್ಕೆ ಉಂಗುರಕ್ಕೆ ಆಸರೆ ಕೊಟ್ಟು ನಿಲ್ಲಿಸಿದ್ದೇವೆ.

ತಮ್ಮ ಸಹಿಯಿರುವ ಹಳೆಯ ಫೈಲಿನಲ್ಲಿ ‘ಎಲ್ಲ ಕಂಬಗಳೂ ನಕ್ಷೆಯಂತೆಯೇ ಇವೆ’ ಎಂದಿದೆ. ಹಾಗಾದರೆ ನಮ್ಮ ಹೊಸ ತಳಪಾಯವೇ ತಗ್ಗಾಗಿರಬೇಕು ಎಂಬುದು ಇಲ್ಲಿಯ ಮ್ಯಾನೇಜರ್ ಅವರ ಅಭಿಪ್ರಾಯ. ಹಳೆಯ ಜಾಗದಲ್ಲಿ ಈ ಕಂಬದ ವಿಚಾರದಲ್ಲಿ ವಿಶೇಷವೇನಾದರೂ ಇತ್ತೇ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ಜೋಡಣೆ ವಿಭಾಗದ ಮುಖ್ಯಸ್ಥೆ


ಜೂನ್ ೯

ಚಿರಂಜೀವಿ ಜೋಡಣೆ ವಿಭಾಗದ ಮುಖ್ಯಸ್ಥೆಗೆ ಮಾವನ ಆಶೀರ್ವಾದಗಳು.

ಅಕ್ಕನ ಮಗಳು ಒಂದು ವರ್ಷದ ಮೇಲೆ ಕಾಗದ ಬರೆದಿದ್ದಾಳೆಂದು ಓಡಿಬಂದು ಒಡೆದರೆ ಒಳಗೆ ‘ಮಾನ್ಯರೇ’! ಹಿಂದೆ ಮುಂದೆ ತಿರುಗಿಸಿ ನೋಡಿದೆ. ಕರೆಂಟಿನವರ ನೋಟಿಸು ಇರಬಹುದೆಂದು ನಿನ್ನತ್ತೆ ಆಗಲೇ ಮೀಟರು ನೋಡಲು ಹೋಗಿದ್ದಳು. ಎರಡು ಜಡೆ ಹಾಕಿಕೊಂಡು ನನ್ನ ಹೆಗಲ ಮೇಲೆ ಕೂತು ಗಾಡಿ ಎಣಿಸುತ್ತಿದ್ದವಳು ಇಂದು ನನಗೆ ‘ತಾವು’ ಎನ್ನುತ್ತಾಳೆ. ಕೆರೆಯಲ್ಲಿ ಬಿಟ್ಟರೂ ನಾನು ತಾವರೆಯಾಗುವವನಲ್ಲ. ‘ನೀನು’ ಎಂದು ಬರೆ.

ಫೋನು ಮಾಡದೆ ಕಾಗದ ಬರೆದದ್ದು ಒಳ್ಳೆಯದಾಯಿತು. ಗಾಡಿಯನ್ನು ಮೇಲಕ್ಕೆಳೆಯುವ ಸರಪಳಿಯ ಪಕ್ಕ ಮೂವತ್ತೊಂದು ವರ್ಷ ನಿಂತ ಕಿವಿ ಇದು. ಕಟಕಟ ಬಿಟ್ಟರೆ ಬೇರೇನೂ ಒಳಗೆ ಇಳಿಯುವುದಿಲ್ಲ. ನಿನ್ನತ್ತೆಯ ಕಟಕಟವೂ ಇಳಿಯುವುದಿಲ್ಲ ಎಂಬುದು ನಿವೃತ್ತಿ ವೇತನದ ಜೊತೆ ಸಿಕ್ಕ ಭತ್ಯೆ.

ಈಗ ನಿನ್ನ ಕಂಬ. ನೀನು ಡಿಗ್ರಿ ಓದಿದವಳು, ಒಪ್ಪಿದೆ. ಆದರೆ ಉಂಗುರದ ಬಳಿ ಮುನ್ನೂರ ಅರವತ್ತು ಡಿಗ್ರಿ ಇದೆ, ನಿನ್ನ ಬಳಿ ಒಂದೇ. ಆದ್ದರಿಂದ ಅದರ ಜೊತೆ ವಾದಕ್ಕಿಳಿಯಬೇಡ. ಮೊದಲು ತಳಪಾಯ ನೋಡು. ಹೊಸ ಕಾಂಕ್ರೀಟು ಹೊಸ ಅಳಿಯನ ಹಾಗೆ, ಮೊದಲ ವರ್ಷ ಎಷ್ಟು ಕುಗ್ಗುತ್ತದೆ ಎಷ್ಟು ಹಿಗ್ಗುತ್ತದೆ ಎಂದು ಹೇಳಲಾಗುವುದಿಲ್ಲ. ಫೈಲಿನಲ್ಲಿ ಬರೆದದ್ದು ಫೈಲಿನಲ್ಲಿದೆ.

ಸರಿಯಾಗಿ ಊಟ ಮಾಡು. ನಟ್ಟು ಬಿಗಿ ಮಾಡುವಾಗ ಉಸಿರು ಹಿಡಿಯಬೇಡ.

ಇಂತಿ ನಿನ್ನ ಮಾವ

(ಅತ್ತೆಯ ಒಂದು ಸಾಲು: ಕಾಗದ ಕಂಡು ನಿನ್ನ ಮಾವ ಕುಣಿದದ್ದು ನಿಜ. ಓದಿ ಮುಗಿಸಿದ ಮೇಲೆ ಮಾತ್ರ ಸ್ಪಾನರು ಕೈಲಿ ಹಿಡಿದು ಹಿತ್ತಿಲಲ್ಲಿ ಸುಮ್ಮನೆ ಕೂತಿದ್ದರು. ಬಿಗಿ ಮಾಡಲು ಅಲ್ಲಿ ಏನೂ ಇರಲಿಲ್ಲ.)


ಜೂನ್ ೧೭

ಪ್ರೀತಿಯ ಮಾವ,

ಸರಿ, ‘ನೀನು’. ಒಂದು ವರ್ಷ ಮಾತಿಲ್ಲದೆ ಇದ್ದವರಿಗೆ ಸರ್ಕಾರಿ ಭಾಷೆಯೇ ಸುರಕ್ಷಿತ ಅನ್ನಿಸಿತ್ತು. ಸೀಟ್‌ಬೆಲ್ಟಿನ ಹಾಗೆ.

ನೀನು ಹೇಳಿದಂತೆ ತಳಪಾಯ ನೋಡಿದೆ. ಮೂರು ಸಲ ನೋಡಿದೆ. ನಮ್ಮ ತಳಪಾಯದ ಮೇಸ್ತ್ರಿಯ ಬಗ್ಗೆ ನಿನಗೆ ಹೇಳಲೇಬೇಕು. ಐವತ್ತು ದಾಟಿದ ಮನುಷ್ಯ. ನೀರು ತುಂಬಿದ ಪಾರದರ್ಶಕ ಪೈಪನ್ನು ಡಾಕ್ಟರು ಸ್ಟೆತಸ್ಕೋಪು ಹಾಕಿಕೊಳ್ಳುವ ಹಾಗೆ ಕೊರಳಿಗೆ ಸುತ್ತಿಕೊಂಡೇ ಓಡಾಡುತ್ತಾನೆ. ನಮ್ಮ ಹತ್ತಿರ ಕಣ್ಣಿಟ್ಟು ನೋಡುವ ಯಂತ್ರವಿದೆ, ಬೆಳಕಿನ ಗೆರೆ ಎಳೆಯುವ ಯಂತ್ರವಿದೆ. ಅವನಿಗೆ ಎರಡರ ಮೇಲೂ ವಿಶ್ವಾಸವಿಲ್ಲ. ಪೈಪಿನ ಒಂದು ತುದಿಯನ್ನು ಐದನೇ ತಳಪಾಯಕ್ಕೆ, ಇನ್ನೊಂದನ್ನು ಆರನೆಯದಕ್ಕೆ ಹಿಡಿಸಿ ನೀರು ನಿಲ್ಲುವವರೆಗೂ ಕಾಯುತ್ತಾನೆ. ಕಾಯುವಾಗ ಮಾತಾಡುವುದಿಲ್ಲ, ನನ್ನನ್ನೂ ಮಾತಾಡಲು ಬಿಡುವುದಿಲ್ಲ. ನೀರು ನಿಂತ ಮೇಲೆ ಹೇಳಿದ, “ನೋಡಿ ಮೇಡಂ, ಎರಡೂ ಒಂದೇ ಮಟ್ಟ. ನೀರಿಗೆ ಯಾರ ಹಂಗೂ ಇಲ್ಲ.”

ಯಂತ್ರಗಳೂ ಅದನ್ನೇ ಹೇಳಿದವು. ತಳಪಾಯ ನಕ್ಷೆಯಲ್ಲಿ ಇರುವ ಹಾಗೇ ಇದೆ.

ಆದರೂ ಮ್ಯಾನೇಜರು ಒಪ್ಪುತ್ತಿಲ್ಲ. ಅವರ ವಾದ ಸರಳ: ಕಂಬಗಳು ಸರಿಯಿವೆ ಎಂದು ಮೂವತ್ತೊಂದು ವರ್ಷದ ಅನುಭವದ ಫಿಟ್ಟರ್ ಬರೆದುಕೊಟ್ಟಿದ್ದಾರೆ, ಹಾಗಾಗಿ ತಪ್ಪು ಮೇಸ್ತ್ರಿಯದು. ಒಂದು ಬಾಯಿ, ಒಂದು ಕಾಗದ, ಕಾಗದವೇ ಗೆಲ್ಲುತ್ತದೆ. ಜುಲೈ ಹದಿನೈದರೊಳಗೆ ಮೇಸ್ತ್ರಿ ತಳಪಾಯ ಒಡೆದು ಮತ್ತೆ ಕಟ್ಟಬೇಕು, ಇಲ್ಲದಿದ್ದರೆ ಅವನನ್ನೂ ಅವನ ಹನ್ನೊಂದು ಜನರನ್ನೂ ಕಳಿಸಿಬಿಡುತ್ತಾರಂತೆ. ಕೆಲಸ ಕೆಟ್ಟದ್ದೆಂಬ ಹೆಸರು ಹೊತ್ತು ಹೋದರೆ ಅವನನ್ನು ಮತ್ತೆ ಯಾರು ಕರೆಯುತ್ತಾರೆ?

ಇನ್ನೊಂದು ವಿಚಾರ ನನ್ನನ್ನು ಬಿಡದೆ ಕೆರೆಯುತ್ತಿದೆ. ಆ ಖಾಲಿ ಜಾಗವನ್ನು ಅಳೆದೆ. ಹತ್ತು ಸೆಂಟಿಮೀಟರ್. ಒಂಬತ್ತು ಮುಕ್ಕಾಲು ಅಲ್ಲ, ಹತ್ತೂಕಾಲು ಅಲ್ಲ. ನೆಲ ಕುಸಿದರೆ ಇಷ್ಟು ಲೆಕ್ಕವಿಟ್ಟು ಕುಸಿಯುತ್ತದೆಯೇ? ಉಕ್ಕು ಬಾಗಿದರೆ ಇಷ್ಟು ಶಿಸ್ತಾಗಿ ಬಾಗುತ್ತದೆಯೇ? ತಪ್ಪು ಸಾಮಾನ್ಯವಾಗಿ ಅಡ್ಡಾದಿಡ್ಡಿ ಇರುತ್ತದೆ. ಇದು ಸ್ನಾನ ಮಾಡಿ, ತಲೆ ಬಾಚಿಕೊಂಡು ಬಂದ ತಪ್ಪು. ಯಾರದೋ ಕೈ ಇದರಲ್ಲಿದೆ ಅನ್ನಿಸುತ್ತದೆ.

ನಿನಗೇನಾದರೂ ಹೊಳೆಯುತ್ತದೆಯೇ, ಮಾವ?

ಇಂತಿ ನಿನ್ನ ಸೊಸೆ


ಜೂನ್ ೨೪

ಚಿರಂಜೀವಿ ಸೊಸೆಗೆ,

ನಿನ್ನ ಕಾಗದದಲ್ಲಿ ಕುತೂಹಲ ಇಷ್ಟಿರುವುದು ಕಂಡು ಸಂತೋಷವಾಯಿತು. ಚಿಕ್ಕವಳಿದ್ದಾಗ ನೀನು ಕೇಳಿದ ಮೊದಲ ಪ್ರಶ್ನೆ ನೆನಪಿದೆಯೇ? “ಮಾವ, ಉಂಗುರ ಯಾಕೆ ದುಂಡಗಿಲ್ಲ?” ಎಂದಿದ್ದೆ. ದೊಡ್ಡ ದೊಡ್ಡವರೆಲ್ಲ ಕಿರುಚಿಕೊಂಡು ಹೋಗಿ ಕಿರುಚಿಕೊಂಡು ಬರುತ್ತಿದ್ದರು, ಒಬ್ಬರೂ ಅದನ್ನು ಗಮನಿಸಿರಲಿಲ್ಲ. ಹೆಸರು ಉಂಗುರ, ಆಕಾರ ನೀರಿನ ಹನಿಯದು. ಪೂರ್ತಿ ದುಂಡಗಿದ್ದರೆ ಗಾಡಿ ಬುಡದಲ್ಲಿ ನುಗ್ಗುವಾಗ ಜನರ ಕುತ್ತಿಗೆ ಹೆಗಲೊಳಕ್ಕೆ ಇಳಿದುಹೋಗುತ್ತಿತ್ತು. ಅದಕ್ಕೇ ಕೆಳಗೆ ಸಡಿಲ ತಿರುವು, ನೆತ್ತಿಯಲ್ಲಿ ಬಿಗಿ ತಿರುವು. ಸಂಸಾರದಲ್ಲಿ ಇದು ಉಲ್ಟಾ, ಆ ವಿಷಯ ಇರಲಿ.

ಗಾಡಿಗೂ ಸ್ವಭಾವವಿದೆ ನೋಡು. ಬೆಳಿಗ್ಗೆ ಚಕ್ರದ ಗ್ರೀಸು ಹೆಪ್ಪುಗಟ್ಟಿರುತ್ತದೆ, ಮೊದಲ ಸುತ್ತು ಅಳಿಯ ಹಾಸಿಗೆ ಬಿಟ್ಟು ಏಳುವ ವೇಗದಲ್ಲಿ ಸಾಗುತ್ತದೆ. ಮಧ್ಯಾಹ್ನ ಮೂರಕ್ಕೆ ಅದೇ ಗಾಡಿ ಕಾಫಿ ಕುಡಿದವರಂತೆ ಹಾರುತ್ತದೆ. ನಿನ್ನ ಪಾರ್ಕಿನವರು ಬೆಳಗಿನ ಖಾಲಿ ಸುತ್ತಿನ ವೇಗ ನೋಡಿಕೊಂಡು ಗಾಡಿ ಮಂದ ಎಂದು ದೂರಿದರೆ ನಗು, ಬ್ರೇಕಿಗೆ ಕೈ ಹಾಕಬೇಡ.

ಉಂಗುರದ ಕೆಳಗೆ ಬಲೆ ಕಟ್ಟುವುದನ್ನು ಮರೆಯಬೇಡ. ನಮ್ಮ ಬಲೆಗೆ ವರ್ಷಕ್ಕೆ ಒಂದು ಬಕೆಟ್ ಕನ್ನಡಕ, ಎರಡು ಬಕೆಟ್ ಬೀಗದ ಕೈ ಬೀಳುತ್ತಿದ್ದವು. ಒಮ್ಮೆ ಒಂದು ಪೂರ್ತಿ ಹಲ್ಲಿನ ಸೆಟ್ಟು ಬಿತ್ತು. ಅದನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಬಂದಿದ್ದರೂ ಪಾಪ ಹೇಗೆ ಕೇಳುತ್ತಿದ್ದರು?

ಚಕ್ರಗಳ ವಿಚಾರ ಬರೆಯಬೇಕೆಂದಿದ್ದೆ, ಹಾಳೆ ಮುಗಿಯಿತು. ಕಾಂಕ್ರೀಟಿನ ಬಗ್ಗೆ ನನಗೆ ಹೆಚ್ಚು ಗೊತ್ತಿಲ್ಲ.

ಇಂತಿ ನಿನ್ನ ಮಾವ

(ಅತ್ತೆಯ ಒಂದು ಸಾಲು: ಹಾಳೆ ಮುಗಿದಿಲ್ಲ, ಇದೋ ಇಷ್ಟು ಜಾಗವಿದೆ, ನಾನೇ ಬರೆಯುತ್ತಿದ್ದೇನಲ್ಲ. ನಾಲ್ಕು ದಿನದಿಂದ ನಿನ್ನ ಮಾವ ಟೇಪು ಹಿಡಿದು ಮನೆಯ ಬಾಗಿಲುಗಳನ್ನೆಲ್ಲ ಅಳೆಯುತ್ತಿದ್ದಾರೆ. ಯಾಕೆ ಎಂದರೆ ಕಿವಿ ಕೇಳಿಸುವುದಿಲ್ಲ. ಪಾಯಸ ಎಂದು ಪಿಸುಗುಟ್ಟಿದರೆ ಕೇಳಿಸುತ್ತದೆ.)


ಜುಲೈ ೧

ಪ್ರೀತಿಯ ಮಾವ,

ಹಲ್ಲಿನ ಸೆಟ್ಟಿನ ಕಥೆ ಓದಿ ಇಡೀ ಶೆಡ್ಡು ನಕ್ಕಿತು. ಮೇಸ್ತ್ರಿಯೂ ನಕ್ಕ. ಆಮೇಲೆ ಅವನು, “ಕಂಬದ ಬಗ್ಗೆ ಏನ್ ಬರ್ದಿದ್ದಾರೆ?” ಎಂದು ಕೇಳಿದ. ಏನೂ ಬರೆದಿಲ್ಲ ಎಂದೆ. ಅವನು ಪೈಪನ್ನು ಕೊರಳಿಂದ ತೆಗೆದು ಮತ್ತೆ ಹಾಕಿಕೊಂಡ, ಅಷ್ಟೇ.

ನಾನು ಇಷ್ಟು ದಿನ ತಳಪಾಯವನ್ನು ಮೂರು ಸಲ ಅಳೆದೆ, ಉಂಗುರವನ್ನು ಎರಡು ಸಲ ಅಳೆದೆ. ಐದನೇ ಕಂಬವನ್ನು ಒಮ್ಮೆಯೂ ಅಳೆದಿಲ್ಲ. ಕ್ರೇನು ಇದೆ, ಟೇಪು ಇದೆ, ಆಳುಗಳಿದ್ದಾರೆ. ಅರ್ಧ ಗಂಟೆಯ ಕೆಲಸ. ಯಾಕೆ ಅಳೆದಿಲ್ಲ ಎಂದು ಮೇಸ್ತ್ರಿ ಕೇಳಲಿಲ್ಲ. ನಾನೇ ಕೇಳಿಕೊಂಡೆ. ಆ ಕಂಬಕ್ಕೆ ಟೇಪು ಹಿಡಿದರೆ ನಿನ್ನ ಸಹಿಗೆ ಟೇಪು ಹಿಡಿದಂತೆ.

ನಿನ್ನ ಕೈಕೆಳಗೆ ಕೆಲಸ ಕಲಿತ ಆರು ವರ್ಷವೂ ದಿನಾ ಬೆಳಿಗ್ಗೆ ನಿನ್ನ ಹಿಂದೆ ಹಳಿಯ ಉದ್ದಕ್ಕೂ ನಡೆದಿದ್ದೇನೆ. ಬೇರೆಯವರು ತಪಾಸಣೆಯನ್ನು ಒಂದನೇ ಕಂಬದಿಂದ ಶುರು ಮಾಡುತ್ತಾರೆ. ನೀನು ಐದರಿಂದ ಶುರು ಮಾಡುತ್ತಿದ್ದೆ. ಮೊದಲು ಅದರ ಬುಡಕ್ಕೆ ಅಂಗೈ ಒತ್ತಿ, ಆಮೇಲೆ ವಾಪಸು ಬಂದು ಒಂದು, ಎರಡು, ಮೂರು. ಯಾಕೆ ಎಂದು ಕೇಳಿದಾಗ, “ಒಂದು ಎರಡು ಎಲ್ಲರಿಗೂ ಬರುತ್ತೆ ಕಣೇ” ಎಂದು ನಗಿಸಿದ್ದೆ. ನಾನು ನಕ್ಕು ಮರೆತಿದ್ದೆ. ಮಾತು ತಪ್ಪಿಸಬೇಕಾದ ಕಡೆಯೆಲ್ಲ ನೀನು ನಗಿಸುತ್ತೀಯ ಎಂದು ಈಗ ಗಮನಕ್ಕೆ ಬರುತ್ತಿದೆ.

ಉಂಗುರ ಕಳಚಿದ ದಿನ ನೀನು ಬರಲಿಲ್ಲ. ನಿನ್ನ ಗಾಡಿಯನ್ನು ಕಿತ್ತುಕೊಂಡು ಹೋಗುವವಳು ನಾನೆಂದು ಸಿಟ್ಟು ಮಾಡಿಕೊಂಡಿದ್ದೀಯ ಎಂದುಕೊಂಡೆ. ಅದಕ್ಕೇ ನಾನೂ ವರ್ಷವಿಡೀ ಬರೆಯಲಿಲ್ಲ.

ಹದಿಮೂರನೇ ತಾರೀಖಿನವರೆಗೆ ಕಾಯುತ್ತೇನೆ. ಹದಿನಾಲ್ಕರ ಬೆಳಿಗ್ಗೆ ಕಂಬ ಇಳಿಸಿ ಅಳೆಯುತ್ತೇನೆ. ಟೇಪು ಹೇಳುವ ಮೊದಲು ನೀನು ಹೇಳಬೇಕೆಂದು ನನಗೆ ಆಸೆ.

ನಿನ್ನ ಸೊಸೆ


ಜುಲೈ ೮

ಮಗೂ,

ಕಂಬ ಹತ್ತು ಸೆಂಟಿಮೀಟರ್ ಗಿಡ್ಡ. ಕತ್ತರಿಸಿದವನು ನಾನು. ನಿನ್ನ ಮೇಸ್ತ್ರಿಯ ತಳಪಾಯ ಸರಿಯಾಗಿದೆ. ಈ ಮೂರು ವಾಕ್ಯಗಳನ್ನು ಮೊದಲು ಮ್ಯಾನೇಜರಿಗೆ ತೋರಿಸು, ಉಳಿದದ್ದನ್ನು ನೀನು ಓದು.

ಆಗ ನನಗೆ ಇಪ್ಪತ್ತಾರು ವರ್ಷ. ನಮ್ಮ ಹತ್ತಿರ ಒಂದೇ ಒಂದು ಒಳ್ಳೆಯ ಟೇಪು. ಅದರ ತುದಿಯ ಕೊಕ್ಕೆ ಬಾಗಿ, ಮೊದಲಿನ ಅಂಕಿಗಳು ಅಳಿಸಿಹೋಗಿದ್ದವು. ಹಾಗಾಗಿ ನಾವೆಲ್ಲ ಹತ್ತರ ಗೆರೆಯಿಂದ ಹಿಡಿದು ಅಳೆಯುತ್ತಿದ್ದೆವು, ಬಂದ ಅಂಕಿಯಿಂದ ಹತ್ತು ಕಳೆಯುತ್ತಿದ್ದೆವು. ಹತ್ತು ಬಿಟ್ಟು ಹಿಡಿ, ಹತ್ತು ಕಳೆ. ದಿನಕ್ಕೆ ನೂರು ಸಲ ಮಾಡುತ್ತಿದ್ದ ಕೆಲಸ.

ತಳಪಾಯದ ಕಾಂಕ್ರೀಟು ಎಲ್ಲಿಯವರೆಗೆ ಬರಬೇಕೆಂದು ಗುರುತು ಹಾಕುವುದು ನನ್ನ ಪಾಲಿಗಿತ್ತು. ಮೇಲೆ ಎಳೆದು ಕಟ್ಟಿದ ದಾರದಿಂದ ಕೆಳಕ್ಕೆ ಅಳೆದು ಗುರುತು ಹಾಕುವುದು. ನಾಲ್ಕು ಮುಗಿಸಿ ಐದಕ್ಕೆ ಬಂದೆ. ಆ ಹೊತ್ತಿಗೆ ಆಚೆ ಕಡೆ ಗಾಡಿ ಏರುವ ದಾರಿಯ ಮೊದಲ ತುಂಡನ್ನು ಕ್ರೇನು ಎತ್ತಿತು. ಅಷ್ಟು ದೊಡ್ಡ ಉಕ್ಕು ಅಷ್ಟು ನಿಧಾನವಾಗಿ ಆಕಾಶಕ್ಕೆ ಹೋಗುವುದನ್ನು ನಾನು ಮೊದಲು ನೋಡಿದ್ದು ಅಂದೇ. ಬಾಯಿ ಬಿಟ್ಟುಕೊಂಡು ನೋಡುತ್ತಲೇ ಗುರುತು ಹಾಕಿದೆ. ಹತ್ತು ಬಿಟ್ಟು ಹಿಡಿದಿದ್ದೆ. ಕಳೆಯುವುದನ್ನು ಮರೆತೆ. ದಾರದಿಂದ ಇಳಿಸಿದ ಅಳತೆ ಹತ್ತು ಕಡಿಮೆಯಾಗಿ ಗುರುತು ಹತ್ತು ಮೇಲಕ್ಕೆ ಬಿತ್ತು, ಕಾಂಕ್ರೀಟೂ ಹತ್ತು ಮೇಲಕ್ಕೆ ಬಂತು.

ಕಂಬ ನಿಲ್ಲಿಸುವ ದಿನ ಗೊತ್ತಾಯಿತು. ಒಡೆಸುವುದೆಂದರೆ ಯಾರದು ತಪ್ಪೆಂದು ಎಲ್ಲರ ಮುಂದೆ ಹೇಳಬೇಕು. ಮಾರನೆಯ ದಿನ ಗಾಡಿ ತಯಾರಿಸಿದವರ ಇಂಜಿನಿಯರು ಬರುವವರಿದ್ದರು. ಎಲ್ಲರೂ ಊಟಕ್ಕೆ ಹೋದಾಗ ಕಂಬದ ಬುಡವನ್ನು ಹತ್ತು ಸೆಂಟಿಮೀಟರ್ ಕತ್ತರಿಸಿ, ತಳದ ತಟ್ಟೆಯನ್ನು ಮತ್ತೆ ಬೆಸೆದು, ಬಣ್ಣ ಹೊಡೆದೆ. ಬೆಸುಗೆ ಒಳ್ಳೆಯದೇ. ನನ್ನ ಜೀವನದಲ್ಲಿ ಅಷ್ಟು ಒಳ್ಳೆಯ ಬೆಸುಗೆ ಮತ್ತೆ ಹಾಕಿಲ್ಲ.

ಇಂಜಿನಿಯರು ಉಂಗುರದ ಕೆಳಗೆ ನಿಂತು ಒಂದು ಕಣ್ಣು ಮುಚ್ಚಿ ನೋಡಿ, “ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಇದನ್ನ ನಿಲ್ಲಿಸಿದ ಹುಡುಗ ಯಾರು?” ಎಂದರು. ಎಲ್ಲರೂ ನನ್ನ ಕಡೆ ಕೈ ತೋರಿಸಿದರು. ಆ ವಾರವೇ ಗಾಡಿಯ ಉಸ್ತುವಾರಿ ನನಗೆ ಬಂತು. ‘ಎಲ್ಲ ಕಂಬಗಳೂ ನಕ್ಷೆಯಂತೆಯೇ ಇವೆ’ ಎಂದು ಬರೆದು ಸಹಿ ಹಾಕಿದ್ದು ಅದೇ ಹೊಸ ಕುರ್ಚಿಯಲ್ಲಿ ಕೂತು. ಆ ಕೂದಲೆಳೆಯ ಮೇಲೆ ಮೂವತ್ತೊಂದು ವರ್ಷ ನಿಂತೆ.

ಉಂಗುರ ಕಳಚುವ ದಿನ ನಾನು ಬಾರದಿದ್ದದ್ದು ಸಿಟ್ಟಿನಿಂದಲ್ಲ. ಒಂದೇ ಉದ್ದವಿರಬೇಕಾದ ಐದನ್ನೂ ಆರನ್ನೂ ನೀನು ಪಕ್ಕಪಕ್ಕ ನೆಲದ ಮೇಲೆ ಮಲಗಿಸುತ್ತೀಯ, ಮಲಗಿಸಿದರೆ ನಿನಗೆ ಕಾಣುತ್ತದೆ ಎಂಬ ಭಯ. ನೀನು ಅವನ್ನು ಬೇರೆ ಬೇರೆ ಲಾರಿಗೆ ಹಾಕಿಸಿದೆಯಂತೆ; ನನಗೆ ತಿಳಿದದ್ದು ಆಮೇಲೆ. ಸಿಟ್ಟೆಂದು ನೀನು ತಿಳಿದದ್ದು ನನಗೆ ಅನುಕೂಲವೇ ಆಯಿತು. ಭಯಕ್ಕಿಂತ ಸಿಟ್ಟು ನೋಡಲು ಚೆನ್ನಾಗಿರುತ್ತದೆ.

ನೀನು ಬರೆದ ಮೊದಲ ಕಾಗದಕ್ಕೇ ಇದನ್ನು ಬರೆಯಬಹುದಿತ್ತು. ನಿನ್ನ ಮೇಸ್ತ್ರಿಯನ್ನು ಒಂದು ತಿಂಗಳು ತಪ್ಪಿತಸ್ಥನ ಜಾಗದಲ್ಲಿ ನಿಲ್ಲಿಸಿಬಿಟ್ಟೆ.

ಮಾವ

(ಅತ್ತೆಯ ಒಂದು ಸಾಲು: ಇವತ್ತು ನನಗೂ ಹೇಳಿದರು. ಕೂತುಕೋ ಎಂದರು, ನೀರು ಕೊಟ್ಟರು. ನಾನು ಬೇರೆ ಏನೇನೋ ಊಹಿಸಿ ಎದೆ ಗಟ್ಟಿ ಮಾಡಿಕೊಂಡೆ. ಕೊನೆಗೆ ನೋಡಿದರೆ ಕಂಬ.)


ಜುಲೈ ೨೦

ಪ್ರೀತಿಯ ಮಾವ,

ನಿನ್ನ ಕಾಗದ ಹನ್ನೆರಡಕ್ಕೆ ಬಂತು. ಮೊದಲ ಮೂರು ವಾಕ್ಯಗಳನ್ನು ಮ್ಯಾನೇಜರಿಗೆ ಓದಿ ಹೇಳಿದೆ. ಅವರು ಕಾಗದ ಇಸಿದುಕೊಂಡು ತಾವೇ ಓದಿದರು. ಆಮೇಲೆ ಎದ್ದು ಮೇಸ್ತ್ರಿ ಇದ್ದಲ್ಲಿಗೆ ನಡೆದುಹೋದರು. ಏನು ಹೇಳಿದರೋ ದೂರದಿಂದ ಕೇಳಿಸಲಿಲ್ಲ. ಮೇಸ್ತ್ರಿ ತಲೆ ಅಲ್ಲಾಡಿಸಿದ್ದು ಕಂಡಿತು.

ಸಂಜೆ ಅವನಿಗೆ ಉಳಿದ ಕಾಗದವನ್ನೂ ಓದಿದೆ. ಓದಬಹುದೇ ಎಂದು ನಿನ್ನನ್ನು ಕೇಳಲಿಲ್ಲ, ಕ್ಷಮಿಸು. ಕ್ರೇನು ಎತ್ತಿದ ಉಕ್ಕನ್ನು ಬಾಯಿ ಬಿಟ್ಟು ನೋಡಿದ ಕಡೆ ಬಂದಾಗ ಅವನು ಕೈ ಎತ್ತಿ ನಿಲ್ಲಿಸಿದ. ಆಮೇಲೆ ಹೇಳಿದ, “ನನಗೆ ಕೋಪ ಇದೆ ಮೇಡಂ. ಒಂದು ತಿಂಗಳು ನನ್ನ ಹುಡುಗರ ಮುಖ ನೋಡಕ್ಕಾಗ್ಲಿಲ್ಲ. ಅದನ್ನ ಅವರಿಗೆ ಬರೀರಿ.” ಬರೆದಿದ್ದೇನೆ. ಇನ್ನೇನಾದರೂ ಬರೆಯಬೇಕೇ ಎಂದಾಗ, ಬೇಡ, ಕಳಿಸಿ ಎಂದ.

ಹದಿನಾಲ್ಕರ ಬೆಳಿಗ್ಗೆ ಕಂಬ ಇಳಿಸಿ ಅಳೆದೆ. ನಿನ್ನ ಮಾತಿಗೂ ಟೇಪಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ನಿನ್ನ ಬೆಸುಗೆಯನ್ನೂ ಪರೀಕ್ಷೆ ಮಾಡಿಸಿದೆವು. ಪರೀಕ್ಷಿಸಿದ ಹುಡುಗಿ ಇದನ್ನು ಹಾಕಿದವರು ಎಲ್ಲಿದ್ದಾರೆ, ಕಲಿಯಬೇಕಿತ್ತು ಎಂದಳು. ಹೊಗಳಿಕೆಯನ್ನು ನಿನಗೆ ತಲುಪಿಸುವುದೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ಸುರಕ್ಷತಾ ಇನ್ಸ್‌ಪೆಕ್ಟರು ಬಂದಿದ್ದರು. ಕಂಬಕ್ಕೆ ತೇಪೆ ಹಾಕುವುದನ್ನು ಅವರು ಒಪ್ಪಲಿಲ್ಲ, ಹೊಸ ಕಂಬವನ್ನೇ ಮಾಡಿಸುತ್ತಿದ್ದೇವೆ. ಎಂಟು ವಾರ ಬೇಕು. ಪಾರ್ಕು ತೆರೆಯುವುದು ತಡವಾಗುತ್ತದೆ, ನನ್ನ ಹೆಸರಿಗೂ ಒಂದು ಗೀರು ಬಿದ್ದಿದೆ: ಕಂಬವನ್ನು ಮೊದಲೇ ಯಾಕೆ ಅಳೆಯಲಿಲ್ಲ ಎಂದು ಫೈಲಿನಲ್ಲಿ ಬರೆದಿದ್ದಾರೆ. ಸರಿಯಾಗಿಯೇ ಬರೆದಿದ್ದಾರೆ. ನನ್ನ ಉತ್ತರದ ಜಾಗದಲ್ಲಿ ‘ಮಾವ’ ಎಂದು ಬರೆಯಲಾಗಲಿಲ್ಲ.

ಹೋಗುವ ಮುಂಚೆ ಇನ್ಸ್‌ಪೆಕ್ಟರು ಒಂದು ಪ್ರಶ್ನೆ ಕೇಳಿದರು. ಅದಕ್ಕೆ ಉತ್ತರ ನನ್ನಲ್ಲಿಲ್ಲ, ಅದಕ್ಕೇ ನಿನಗೆ ದಾಟಿಸುತ್ತಿದ್ದೇನೆ. ಏರುವ ದಾರಿ, ಬ್ರೇಕಿನ ಭಾಗ, ಗಾಡಿ ನಿಲ್ಲುವ ಕಟ್ಟೆ ಇನ್ನೂ ಜೋಡಿಸಬೇಕಿದೆ. ನಿಮ್ಮ ಫಿಟ್ಟರ್ ಒಂದನ್ನು ಒಪ್ಪಿಕೊಂಡಿದ್ದಾರೆ, ಒಂದೇ ಇದೆಯೇ ಎಂದು ಕೇಳಿದರು.

ಒಂದೇ ತಾನೇ, ಮಾವ?

ಇಂತಿ ನಿನ್ನ ಸೊಸೆ


ಜುಲೈ ೨೫

ಮಗೂ,

ಇನ್ನೂ ಎರಡಿವೆ.

ಒಂದು ಏರುವ ದಾರಿಯಲ್ಲಿ, ಒಂದು ಬ್ರೇಕಿನ ಬಳಿ. ಬ್ರೇಕಿನ ಬಳಿಯದನ್ನು ಬರೆದು ತಿಳಿಸುವುದು ಕಷ್ಟ, ಕೈಯಿಟ್ಟು ತೋರಿಸಬೇಕು. ನಾನು ತೋರಿಸುವವರೆಗೂ ಆ ಕಡೆ ಒಂದು ನಟ್ಟನ್ನೂ ಮುಟ್ಟಬೇಡಿ. ಇನ್ಸ್‌ಪೆಕ್ಟರು ಮುಂದೆ ನಿಂತು ಬರೆದುಕೊಳ್ಳಲಿ, ಸಹಿ ಅಲ್ಲಿಯೇ ಹಾಕುತ್ತೇನೆ.

ಗುರುವಾರ ಬೆಳಗಿನ ಹತ್ತರ ಬಸ್ಸಿಗೆ ಬರುತ್ತಿದ್ದೇನೆ. ನಿನ್ನತ್ತೆಯೂ ಹೊರಟಿದ್ದಾಳೆ. ನನ್ನ ಕಿವಿಗೆ ಕೇಳಿಸದ್ದನ್ನೆಲ್ಲ ಅವಳು ಜೋರಾಗಿ ಹೇಳುತ್ತಾಳಂತೆ, ಮೇಸ್ತ್ರಿಗೆ ಇದನ್ನು ತಿಳಿಸು. ಅವನಿಗೆ ಹೇಳಬೇಕಾದದ್ದು ಇನ್ನೂ ಉಳಿದಿದ್ದರೆ ನನ್ನ ಎಡಗಡೆ ನಿಂತು ಹೇಳಲಿ. ಎಡಗಿವಿ ಸ್ವಲ್ಪ ವಾಸಿ.

ಇಂತಿ ನಿನ್ನ ಮಾವ